ಬಡಿಯುವವರೇ ತುಂಬಿದ್ದ ತಂಡ

ಬೇಸ್‌ಬಾಲ್ ಆಟವನ್ನು ನಾನು ಮೊದಲಿನಿಂದ ಕೊನೆಯ ತನಕ ಒಮ್ಮೆಯೂ ನೋಡಿಲ್ಲ. ಆದರೆ ಒಂದು ಬೇಸಿಗೆ ಪೂರ್ತಿ ಆ ಆಟದ ತಂಡವೊಂದನ್ನು ನಮ್ಮ ಅಡುಗೆಮನೆಯಿಂದ ನಡೆಸಿದ್ದೇನೆ. ಹೋದ ದೀಪಾವಳಿಗೆ ಬಂದಾಗ ಮೊಮ್ಮಕ್ಕಳು ನೀವೆಲ್ಲ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿರಿ, ಪೂರ್ತಿ ಹೇಳು ಎಂದಿರಿ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತಂಡ ನಿಮ್ಮ ಅಕ್ಕನದು, ಅಂದರೆ ಕಮರಿಪೇಟೆಯಲ್ಲಿ ನಾನು ಯಾರ ಮನೆಯಲ್ಲಿದ್ದೇನೋ ಆ ಮಗಳ ಮಗಳದು. ಅವಳು ಧಾರವಾಡದ ಕಾಲೇಜಿನಲ್ಲಿ ಬೇಸ್‌ಬಾಲಿನಂಥದೇ ಸಾಫ್ಟ್‌ಬಾಲ್ ಆಡುತ್ತಿದ್ದಳು. ಅವಳೂ ಅಲ್ಲಿಯ ಗೆಳತಿಯರೂ ಸೇರಿ ಎಂಟು ಜನ ಫೋನಿನಲ್ಲಿ ಒಂದು ಲೀಗ್ ಮಾಡಿಕೊಂಡಿದ್ದರು. ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ಇವರು ಇಲ್ಲಿ ಕೂತು ಹಂಚಿಕೊಳ್ಳುವುದು. ಒಬ್ಬಳು ತೆಗೆದುಕೊಂಡವನು ಇನ್ನೊಬ್ಬಳಿಗೆ ಇಲ್ಲ. ಅಲ್ಲಿ ಅವರು ಹೊಡೆದದ್ದು, ಓಡಿದ್ದು, ಎಸೆದದ್ದು ಎಲ್ಲ ಇಲ್ಲಿ ಇವರ ಲೆಕ್ಕಕ್ಕೆ ಜಮೆ. ವರ್ಷ ಮುಗಿದ ಮೇಲೆ ಎಲ್ಲರನ್ನೂ ಬಿಟ್ಟುಕೊಟ್ಟು, ಮುಂದಿನ ಯುಗಾದಿಯ ಹೊತ್ತಿಗೆ ಬರಿಗೈಯಲ್ಲಿ ಕೂತು ಮತ್ತೆ ಹೊಸದಾಗಿ ಹಂಚಿಕೊಳ್ಳಬೇಕು. ಹೋದ ವರ್ಷ ಗೆದ್ದವಳಿಗೂ ಸೋತವಳಿಗೂ ಅಂದು ಒಂದೇ ಲೆಕ್ಕ. ನನಗೆ ಈ ಒಂದು ಕಟ್ಟಳೆ ಮೊದಲಿಗೇ ಹಿಡಿಸಿತು.

ಇನ್ನೊಂದು ಕಟ್ಟಳೆ ಇತ್ತು, ಅದನ್ನು ಹಾಕಿದವಳು ನಿಮ್ಮ ಅಕ್ಕನೇ. ಕಾರಹುಣ್ಣಿಮೆ ಆಸುಪಾಸಿನಲ್ಲಿ ಒಂದು ದಿನ ಗೊತ್ತು ಮಾಡಿರುತ್ತಾರೆ. ಅಂದು ಯಾರ ತಂಡ ಎಂಟನೆಯದಾಗಿರುತ್ತದೋ ಅವಳು ತನ್ನ ಜಾಗವನ್ನು ಕಾಯುತ್ತ ನಿಂತ ಹೊಸ ಹುಡುಗಿಗೆ ಬಿಟ್ಟುಕೊಡಬೇಕು. ಬಿಟ್ಟವಳು ಮತ್ತೆ ಬರುವಂತಿಲ್ಲ. ಆ ವರ್ಷ ನಿಮ್ಮ ಅಕ್ಕನ ಕೊನೆಯ ಪರೀಕ್ಷೆಯೂ ಅದೇ ಹೊತ್ತಿಗೆ ಬಂತು. ನನ್ನ ಮಗಳು ಯುಗಾದಿಯ ಮರುದಿನವೇ ಅವಳ ಫೋನ್ ಇಸಿದುಕೊಂಡಳು.

"ಪರೀಕ್ಷಾ ಮುಗಿಯೂತನಕಾ ಇದು ನನ್ನ ಕಡೆ ಇರ್ತದ. ಹೋದ ಸಲದ ಮಾರ್ಕ್ಸ್ ನೋಡೀನಿ ನಾ."

"ಮಮ್ಮಿ, ಲೀಗ್ ಶುರು ಮಾಡಿದಾಕಿನ ನಾನು. ನನ್ನ ಸೀಟಽ ಹೋದ್ರ?"

"ಹೋದ್ರ ಹೋಗ್ಲಿ. ಪದವಿ ಹೋದ್ರ ಯಾರ ತಂದು ಕೊಡ್ತಾರ?"

ಹುಡುಗಿ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ನಾನು ಜೋಳದ ಹಿಟ್ಟು ನಾದುತ್ತಿದ್ದೆ.

"ಆಯಿ, ಅಲ್ಲೆ ಆಟ ನಡಿಯೂದು ನಮ್ಮ ಬೆಳಗಿನ ಹೊತ್ತಿನ್ಯಾಗ. ನೀ ಹೆಂಗೂ ಎದ್ದಿರ್ತಿ. ನನ್ನ ಟೀಮ್ ನೋಡ್ಕೊಂತಿ?"

"ನನಗೇನ್ ತಿಳೀತದವಾ ಅದು?"

"ಗೆಲ್ಲೂದೇನ್ ಬ್ಯಾಡ. ಎಂಟನೇದು ಆಗದಂಗ ನೋಡ್ಕೋ, ಸಾಕು."

ಮಗಳು ಬಾಗಿಲಲ್ಲಿ ನಿಂತು ನಕ್ಕಳು. "ನಮ್ಮವ್ವ ಆಡ್ತಾಳಂದ್ರ ಆಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಮಾತು ಊಟದ ಹೊತ್ತಿನ್ಯಾಗ ಅಷ್ಟ."

ಹೀಗೆ ನಿಮ್ಮ ಆನ್‌ಲೈನ್ ಕ್ಲಾಸಿನ ಹಳೆಯ ಟ್ಯಾಬು ನನ್ನ ಕೈಗೆ ಬಂತು.

ಹಂಚಿಕೊಳ್ಳುವ ದಿನ ಹುಡುಗಿಯರೆಲ್ಲ ನಮ್ಮ ಮನೆಯ ಪಡಸಾಲೆಗೇ ಬಂದರು. ನಿಮ್ಮ ಅಕ್ಕ ಒಳಕೋಣೆಯಲ್ಲಿ ಪುಸ್ತಕದ ಮುಂದೆ. ನಾನು ಒಗ್ಗರಣೆ ಅವಲಕ್ಕಿ ಮಾಡಿ, ಚಹಾ ಇಟ್ಟು, ಸುತ್ತಿನಲ್ಲಿ ಒಂದು ಮೂಲೆಗೆ ಕೂತೆ. ಸರದಿ ಒಬ್ಬಳಿಂದ ಒಬ್ಬಳಿಗೆ ಹೋಗಿ, ಕೊನೆಗೆ ಮುಟ್ಟಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಸರದಿ ಬಂದಾಗ ಒಂದು ನಿಮಿಷದೊಳಗೆ ಒಬ್ಬ ಆಟಗಾರನನ್ನು ಒತ್ತಬೇಕು. ಒತ್ತದಿದ್ದರೆ ಯಂತ್ರವೇ ತನಗೆ ತೋಚಿದವನನ್ನು ಎತ್ತಿ ನಮ್ಮ ಮಡಿಲಿಗೆ ಹಾಕುತ್ತದೆ.

ಚೀಟಿ ಎತ್ತಿದಾಗ ಮೊದಲ ಸರದಿ ನನಗೇ ಬಂತು. ಮನೆಗೆ ಬಂದವರು ತಟ್ಟೆ ಹಿಡಿದು ಕೂತಿರುವಾಗ ಮನೆಯವಳು ಮೊದಲು ಕೈ ಹಾಕುವುದು ಹೇಗೆ?

"ನೀವು ತೊಗೊಳ್ರಿ ಮೊದ್ಲ," ಎಂದೆ. "ಮನಿಗೆ ಬಂದವ್ರು ನೀವು."

"ಆಯಿ, ಹಂಗ ನಡಿಯಂಗಿಲ್ರಿ, ಗಡಿಯಾರ ಓಡಾಕತ್ತೇತಿ!"

"ಓಡ್ಲಿ ತಗೋವಾ, ನಿಮಗ ಬೇಕಾದವನ್ನ ತೊಗೊಂಡು ಉಳಿದಾವ್ರ ಸಾಕು ನನಗ."

ಅಷ್ಟರಲ್ಲಿ ನಿಮಿಷ ಮುಗಿದು ಯಂತ್ರ ಒಬ್ಬ ದಾಡಿಯವನನ್ನು ಎತ್ತಿಕೊಟ್ಟಿತು. ಹುಡುಗಿಯರೆಲ್ಲ ಒಮ್ಮೆಲೇ 'ಅಯ್ಯೋ' ಎಂದರು. ಅವರೆಲ್ಲರಿಗೂ ಅವನೇ ಬೇಕಾಗಿದ್ದನಂತೆ. ನನಗೆ ಇನ್ನಷ್ಟು ಸಂಕೋಚವಾಯಿತು. ಮುಂದಿನ ಸುತ್ತುಗಳಲ್ಲೂ ಯಾರಾದರೂ ಒಬ್ಬನ ಚಿತ್ರ ನೋಡುತ್ತಿದ್ದರೆ ಅವನ ಮೇಲೆ ನಾನು ಬೆರಳಿಡಲಿಲ್ಲ. ಇನ್ನೊಬ್ಬರು ಕಣ್ಣಿಟ್ಟದ್ದನ್ನು ಎತ್ತಿಕೊಳ್ಳುವುದು ನಮಗೆ ರೂಢಿಯಲ್ಲ. ಹೀಗೆ ಮುಕ್ಕಾಲು ಪಾಲು ಸಲ ಯಂತ್ರವೇ ಆರಿಸಿತು.

ಎಲ್ಲ ಮುಗಿದ ಮೇಲೆ ಕೆಳಗಿನ ಓಣಿಯ ಗ್ಯಾರೇಜಿನವರ ಮಗಳು ನನ್ನ ಟ್ಯಾಬು ಇಸಿದುಕೊಂಡು ನೋಡಿದಳು. ಅವರೆಲ್ಲರಲ್ಲಿ ಜಾಣೆ ಅವಳೇ.

"ಆಯಿ, ಎಲ್ಲಾರೂ ಪೈಲ್ವಾನ್ರಽ ಅದಾರಲ್ರಿ. ಬಡಿಯಾವ್ರ ಅಷ್ಟ. ಓಡಾವ್ರು ಯಾರ್ರಿ?"

"ಬಡದ್ರ ಸಾಕಾಗಂಗಿಲ್ಲೇನು?"

"ಇದು ಕುಸ್ತಿ ಅಲ್ರಿ ಆಯಿ!" ಎಂದು ನಕ್ಕಳು.

ಊಟಕ್ಕೆ ಕೂತಾಗ ನಿಮ್ಮ ಅಕ್ಕನಿಗೆ ದಾಡಿಯವನು ಸಿಕ್ಕ ಸುದ್ದಿಯೊಂದೇ ಕೇಳಿಸಿತು. "ಖರೇನ ಆಯಿ? ಅಂವಾ ನಮ್ಮ ಟೀಮ್ನ್ಯಾಗ ಅದಾನ?" ಎಂದು ರೊಟ್ಟಿ ಕೈಯಲ್ಲೇ ಹಿಡಿದು ಕೂತಳು. ಅವಳ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದ ಚಿತ್ರ ಅವನದೇ ಎಂದು ನನಗೆ ಅಂದೇ ತಿಳಿದದ್ದು.

ಅಲ್ಲಿಂದ ನನ್ನ ಬೆಳಗುಗಳು ಬೇರೆಯಾದವು. ಎದ್ದು ಒಲೆ ಹಚ್ಚಿ, ಚಹಾ ಕುದಿಯುವಷ್ಟರಲ್ಲಿ ಅವತ್ತು ಯಾರು ಆಡುತ್ತಾರೆ ನೋಡಿ ಅವರನ್ನು ಮೇಲಿನ ಸಾಲಿಗೆ ಎಳೆಯುವುದು, ಆಡದವರನ್ನು ಕೆಳಗೆ ಇಳಿಸುವುದು. ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಕಲಿತದ್ದು ಕನ್ನಡ ಮತ್ತು ಮಗ್ಗಿ. ಆದರೆ ಫೋನು ಹಚ್ಚಿ ಹಚ್ಚಿ ಅಂಕಿ ಗೊತ್ತಿದ್ದವು, ಮುಖ ಗುರುತು ಹಿಡಿಯಲು ಅಕ್ಷರ ಬೇಕಿಲ್ಲ.

ಪ್ರತಿ ವಾರ ನಮ್ಮ ತಂಡಕ್ಕೆ ಇನ್ನೊಂದು ತಂಡ ಎದುರು. ಹತ್ತು ಬಗೆಯ ಲೆಕ್ಕ. ಐದು ಹೊಡೆಯುವವರದು, ಐದು ಎಸೆಯುವವರದು. ಯಾವ ಲೆಕ್ಕದಲ್ಲಿ ಯಾರು ಮುಂದೋ ಅದು ಅವರಿಗೆ. ಚೆಂಡನ್ನು ಮೈದಾನದ ಗೋಡೆ ದಾಟಿಸಿದ್ದರಲ್ಲಿ ನಾವು ಎಷ್ಟೇ ದೂರ ಮುಂದಿದ್ದರೂ ಸಿಗುವುದು ಒಂದೇ ಅಂಕ. ಹೆಚ್ಚಾದದ್ದು ಇನ್ನೊಂದು ಲೆಕ್ಕಕ್ಕೆ ತುಂಬುವುದಿಲ್ಲ. ಇದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಎರಡು ಮೂರು ಅಂಕ ಹೊಡೆಯುವುದರಲ್ಲಿ ಗೆದ್ದು, ಉಳಿದದ್ದೆಲ್ಲ ಸೋಲುವುದು ನಮ್ಮ ವಾರದ ಪಾಡಾಯಿತು.

ಸೋಲುತ್ತಿದ್ದರೂ ನನಗೆ ಬೆರಗು ಹೆಚ್ಚುತ್ತ ಹೋಯಿತು. ನಾಲ್ಕು ಸಲ ನಿಂತು ಒಂದು ಸಲ ಸರಿಯಾಗಿ ಹೊಡೆದರೆ ಅವನನ್ನು ಅಲ್ಲಿ ಅಡ್ಡಿಯಿಲ್ಲ ಅನ್ನುತ್ತಾರೆ. ಮೂರು ಸಲ ತಪ್ಪಿದವನು! ನಮ್ಮ ಮನೆಗಳಲ್ಲಿ ನಾಲ್ಕು ರೊಟ್ಟಿಯಲ್ಲಿ ಮೂರು ಹೊತ್ತಿಸಿದರೆ ಸೊಸೆಯ ಗತಿ ಏನಾಗುತ್ತಿತ್ತು? ಎಸೆಯುವವರ ಒಂದು ಲೆಕ್ಕದಲ್ಲಿ ಕಡಿಮೆ ಇದ್ದಷ್ಟೂ ಮೇಲು. ಅದನ್ನು ತಿಳಿಯದೆ ಒಂದು ವಾರವೆಲ್ಲ ದೊಡ್ಡ ಅಂಕಿ ನೋಡಿ ಹಿಗ್ಗಿದ್ದೆ.

"ಆಯಿ, ಅದು ಅಂವಾ ಕೊಟ್ಟ ರನ್ನು, ಗಳಿಸಿದ್ದಲ್ಲ," ಎಂದು ನಿಮ್ಮ ಅಕ್ಕ ಊಟದಲ್ಲಿ ಹಣೆ ಬಡಿದುಕೊಂಡಳು.

"ಮತ್ತ ಗ್ಯಾರೇಜಿನಾಕಿ ಹೇಳಿದ ಈ ಕಳುವು ಅಂದ್ರೇನ? ಅಲ್ಲೆ ಒಂದು ಮನಿ ಸೊನ್ನಿ ಅದ ನಮ್ಮದು."

"ಸ್ಟೀಲ್. ಎಸಿಯಾಂವ ಬಾಲ್ ಎಸಿಯೂದ್ರಾಗ ಇಂವಾ ತಾ ನಿಂತ ಮೂಲಿಯಿಂದ, ಅಂದ್ರ ಒಂದು ಬೇಸಿನಿಂದ, ಮುಂದಿನ ಬೇಸಿಗೆ ಓಡಿ ಹೋಗೂದು."

"ಎಲ್ಲಾರೂ ನೋಡಾಕತ್ತಾಗ?"

"ಎಲ್ಲಾರೂ ನೋಡಾಕತ್ತಾಗಽ."

ಎಲ್ಲರ ಎದುರಿಗೆ ಮಾಡುವ ಕಳವಿಗೆ ಅಂಕ ಕೊಡುತ್ತಾರೆ! ಇನ್ನೊಂದು, ಕೊನೆಗೆ ಬರುವ ಎಸೆತಗಾರ. ಆಟವೆಲ್ಲ ಬೇರೆಯವರು ಆಡಿ ಸ್ವಲ್ಪವೇ ಮುಂದಿರುತ್ತಾರೆ, ಆಗ ಇವನು ಬರುತ್ತಾನೆ, ಕೊನೆಯ ಮೂವರನ್ನು ಔಟ್ ಮಾಡಿ ಮುಂದಿದ್ದದ್ದನ್ನು ಉಳಿಸಿದರೆ ಅದು ಅವನ ಹೆಸರಿಗೆ ಒಂದು ಉಳಿಕೆ. ಅಂಥವನೂ ನಮ್ಮಲ್ಲಿ ಇರಲಿಲ್ಲ. ಅಂದರೆ ಎರಡು ಲೆಕ್ಕ ಪ್ರತಿ ವಾರ ಆಡುವ ಮೊದಲೇ ಸೋತ ಹಾಗೆ. ಮೇ ತಿಂಗಳು ಮುಗಿಯುವಾಗ ನಾವು ಎಂಟನೆಯವರು. ಏಳನೆಯವಳು ಧಾರವಾಡದ ಹಾಸ್ಟೆಲಿನ ಹುಡುಗಿ, ನಮಗಿಂತ ಬಹಳ ಮುಂದೇನೂ ಇರಲಿಲ್ಲ.

ನಿಮ್ಮ ಅಕ್ಕ ಊಟಕ್ಕೆ ಕೂತೊಡನೆ "ಎಷ್ಟನೇದು?" ಎಂದು ಕೇಳುತ್ತಿದ್ದವಳು ಕೇಳುವುದನ್ನೇ ಬಿಟ್ಟಳು. ಅದನ್ನು ತಡೆಯಲು ನನ್ನಿಂದಾಗಲಿಲ್ಲ.

ಗ್ಯಾರೇಜಿನವರ ಮಗಳ ಬಳಿ ನಮಗೆ ಬೇಕಾದ ಇಬ್ಬರೂ ಇದ್ದರು. ಓಡುವವರು ಒಬ್ಬರಿಗಿಂತ ಹೆಚ್ಚು, ಕೊನೆಗೆ ಬಂದು ಉಳಿಸುವವರೂ ಹಾಗೆಯೇ. ಅದಲು ಬದಲು ಕೇಳಲು ಟ್ಯಾಬಿನಲ್ಲೇ ಒತ್ತುವ ಗುಂಡಿ ಇತ್ತು. ಒಬ್ಬರ ಮನೆಯಲ್ಲಿದ್ದದ್ದನ್ನು ಬೆರಳಿನಿಂದ ಒತ್ತಿ ಕೇಳುವುದು ನನಗೆ ಸರಿ ಕಾಣಲಿಲ್ಲ. ನಿಮ್ಮ ಅಜ್ಜ ತೀರಿಹೋದ ಮೇಲೆ ಮಠಕ್ಕೆ, ನಂಟರ ಮನೆಗೆ ಬಿಟ್ಟರೆ ನಾನು ಎಲ್ಲಿಗೂ ಹೋದವಳಲ್ಲ. ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೆಳಗಿನ ಓಣಿಗೆ ಇಳಿದೆ.

ಕೆಳಗೆ ಗ್ಯಾರೇಜು, ಮೇಲೆ ಮನೆ. ಹುಡುಗಿ ಮತ್ತು ಅವಳ ದಾದಿ, ಅಂದರೆ ಅವಳ ಅಪ್ಪನ ತಾಯಿ, ಇದ್ದರು. ದಾದಿ ನನ್ನ ವಯಸ್ಸಿನವರೇ. ಚಹಾ ಬಂತು. ಮಾವಿನಹಣ್ಣಿನ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು. ಕೇಳಬೇಕಾದ್ದು ಉಳಿದೇ ಹೋಯಿತು. ಮೆಟ್ಟಿಲ ಕೆಳಗೆ ಗಂಡಸರು ಇಂಜಿನ್ ಬಿಚ್ಚುತ್ತ ಕೂತಿದ್ದರು, ಎಲ್ಲ ಕೇಳಿಸುತ್ತಿತ್ತು. ಈ ವಯಸ್ಸಿನಲ್ಲಿ ಆಟದ ಹುಡುಗರನ್ನು ಕೊಡು ಎಂದು ಹೇಗೆ ಕೇಳುವುದು? ಎದ್ದು ಬಾಗಿಲ ತನಕ ಬಂದು ಚಪ್ಪಲಿ ಮೆಟ್ಟಿಕೊಂಡೆ.

"ಆಯಿ, ಟ್ರೇಡ್ ಕೇಳಾಕ ಬಂದಿದ್ರಿ, ಹೌದಿಲ್ಲೋ?" ಎಂದಳು ಹುಡುಗಿ.

ನಾನು ನೆಲ ನೋಡಿದೆ. ದಾದಿ ಜೋರಾಗಿ ನಕ್ಕುಬಿಟ್ಟರು. "ಬರ್ರಿ ಅಕ್ಕಾರ, ಒಳಗ ಬರ್ರಿ. ಬಾಯಿಲೆ ಕೇಳಾಕ ನಾಚಿಕಿ ಆದ್ರ ಕೈಲೆ ಕೇಳ್ರಿ. ನಮ್ಮ ಮನಿಯವ್ರು ಎತ್ತಿನ ಸಂತ್ಯಾಗ ದಲಾಲಿ ಮಾಡಿದವ್ರು. ಟವೆಲ್ ಹಾಕೋಣೇನು?"

ಅದನ್ನು ನೀವು ನೋಡಿಲ್ಲ. ದನದ ಸಂತೆಯಲ್ಲಿ ಕೊಡುವವ, ಕೊಳ್ಳುವವ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ ಹಾಕಿ, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಚೌಕಾಸಿ ಮಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸಂತೆಗೆ ಹೋಗಿ ಚಕ್ಕಡಿಯ ಮೇಲೆ ಕೂತು ಅದನ್ನು ನೋಡಿದ್ದೆ, ಮನೆಗೆ ಬಂದು ಅಪ್ಪನ ಬೆರಳು ಹಿಡಿದು ಕಲಿತಿದ್ದೆ. ಒಮ್ಮೆ ಇಬ್ಬರೂ ಪೂರ್ತಿ ಅಂಗೈ ಹಿಡಿದರೆ ವ್ಯವಹಾರ ಮುಗಿಯಿತು, ಹಿಂದೆ ಸರಿಯುವಂತಿಲ್ಲ.

ಹುಡುಗಿಯರು ಆಟಗಾರರನ್ನು ಅವರು ಬಂದ ಸುತ್ತಿನಿಂದಲೇ ಕರೆಯುತ್ತಿದ್ದರು, ಒಂದನೆಯವ, ನಾಲ್ಕನೆಯವ ಎಂದು. ಅದೇ ನಮ್ಮ ಬೆರಳ ಲೆಕ್ಕವಾಯಿತು. ಹುಡುಗಿ ದಾದಿಯ ಕಿವಿಯಲ್ಲಿ ಯಾರು ಎಷ್ಟನೆಯವ ಎಂದು ಉಸುರಿದಳು. ದಾದಿ ಟವೆಲ್ ಹಾಸಿದರು.

ಅವರ ಉಳಿಸುವವನು ಎಂಟನೆಯವ. ಅವನಿಗೆ ಬದಲು ನನ್ನ ಎರಡನೆಯವನನ್ನು ಕೊಡುತ್ತೇನೆಂದು ಎರಡು ಬೆರಳು ಹಿಡಿದೆ.

"ಈ ಸಲ ಮಳಿ ಲಗೂ ಬರ್ತದಂತ್ರಿ," ಎಂದರು ದಾದಿ ಗೋಡೆ ನೋಡುತ್ತ. ಟವೆಲಿನ ಒಳಗೆ ನನ್ನ ಒಂದೇ ಬೆರಳನ್ನು ಗಟ್ಟಿಯಾಗಿ ಹಿಡಿದರು. ಒಂದನೆಯವನು. ದಾಡಿಯವನು!

ನಾನು ಕೈ ಎಳೆದುಕೊಂಡೆ. "ಬರ್ಲಿ ಬಿಡ್ರಿ, ಶಕಿ ಭಾಳ ಆಗೇದ."

ಮತ್ತೆ ಎರಡು ಹಿಡಿದೆ. ಮತ್ತೆ ಒಂದು ಹಿಡಿದರು. "ನಿಮ್ಮ ಹೋಳಿಗಿ ಭಾರಿ ಆಗ್ಯಾವ್ರಿ. ಬೆಲ್ಲ ಎಲ್ಲಿದು?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವನೊಬ್ಬ ಹೋದರೂ ನಮ್ಮಲ್ಲಿ ಬಡಿಯುವವರು ಇನ್ನೂ ಇದ್ದರು, ಆ ಲೆಕ್ಕ ಹೇಗೋ ನಡೆದೀತು. ಸೊನ್ನೆ ಇದ್ದ ಎರಡು ಲೆಕ್ಕಗಳು ಹಾಗೇ ಇದ್ದರೆ ಮಾತ್ರ ಜಾಗ ಹೋಗುವುದು ಖಂಡಿತ. ಆದರೆ ಅವನನ್ನು ಕೊಡುವುದಾದರೆ ಒಬ್ಬನಿಗೆ ಬದಲು ಕೊಡುವುದು ಬೇಡ. ದಾದಿಯ ಒಂದು ಬೆರಳು ಹಿಡಿದೆ, ಬಿಟ್ಟೆ. ಆಮೇಲೆ ಅವರ ಓಟಗಾರನಿಗಾಗಿ ನಾಲ್ಕು ಹಿಡಿದೆ, ಬಿಟ್ಟು ಅಂಗೈ ಸವರಿ ಮೂರು ಹಿಡಿದೆ; ಅಂಗೈ ಸವರಿದರೆ ಐದು, ಮೂರು ಕೂಡಿ ಎಂಟು. ನಾಲ್ಕನೆಯವನೂ ಬೇಕು, ಎಂಟನೆಯವನೂ ಬೇಕು.

"ಅಬಬಬಾ!" ಎಂದರು ದಾದಿ, ಬಾಯಿ ಬಿಟ್ಟೇ. "ನೋಡಾಕ ಮೆತ್ತಗ ಅದಾರ, ಬೆರಳ ನೋಡ ಇವ್ರುವು!"

ದಾದಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಹುಡುಗಿ ನಕ್ಕು, ನಡುವೆ ಕೂತು ಯೋಚಿಸಿ, ಹೂಂ ಎಂದು ತಲೆಯಾಡಿಸಿದಳು. ನಮ್ಮ ತಂಡದಲ್ಲಿ ಖಾಲಿ ಜಾಗ ಇಲ್ಲದ್ದರಿಂದ ನನ್ನ ಕಡೆಯಿಂದ ಆಡದೆ ಕೂತಿದ್ದ ಇನ್ನೊಬ್ಬನನ್ನೂ ಅವಳಿಗೆ ಕೊಟ್ಟೆವು. ದಾದಿಯ ಅಂಗೈ ನನ್ನ ಅಂಗೈಯನ್ನು ಪೂರ್ತಿ ಹಿಡಿಯಿತು.

ಮನೆಗೆ ಬಂದು ಊಟದಲ್ಲಿ ಹೇಳಿದೆ.

"ಅವನ್ನ ಕೊಟ್ಟಿ?" ನಿಮ್ಮ ಅಕ್ಕನ ಮುಖ ಬಿಳಿಚಿತು. "ನನ್ನ ಒಂದು ಮಾತ ಕೇಳಬಾರದೇನ ಆಯಿ?"

"ಕೈ ಹಿಡದಾಗಿತ್ತವಾ. ಮನಿಗೆ ಬಂದು ಕೇಳಿ ಹೋಗ್ತೇನಿ ಅನ್ನಂಗಿರಲಿಲ್ಲ."

ಅವಳು ತಟ್ಟೆ ಸರಿಸಿ ಎದ್ದು ಒಳಗೆ ಹೋದಳು. ನನ್ನ ಮಗಳು "ಕೂಸಿಗೆ ಪರೀಕ್ಷಾ ಐತಿ ಯವ್ವಾ, ಇದನ್ನೆಲ್ಲಾ ಈಗಽ ಹೇಳಬೇಕೇನು?" ಎಂದು ನನ್ನ ಮೇಲೆ ಸಿಟ್ಟಾದಳು. ಮುಂದೆ ಒಂದು ವಾರ ಹುಡುಗಿ ನನ್ನ ಜೊತೆ ರೊಟ್ಟಿ, ಪಲ್ಯ ಬಿಟ್ಟು ಬೇರೆ ಮಾತಾಡಲಿಲ್ಲ. ಅದೇ ವಾರ ದಾಡಿಯವನು ಗೋಡೆ ದಾಟಿಸಿದ್ದೇ ದಾಟಿಸಿದ್ದು. ನಮ್ಮ ಕಡೆ ಇದ್ದಾಗ ಅಷ್ಟು ಹೊಡೆದಿರಲಿಲ್ಲ.

ಆದರೆ ಸೊನ್ನೆಯಿದ್ದ ಮನೆಯಲ್ಲಿ ಅಂಕಿ ಕಾಣತೊಡಗಿದವು. ಓಟಗಾರ ಬಡಕಲು ಹುಡುಗ, ಹೊಡೆಯುವುದು ಕಡಿಮೆ. ಮೊದಲ ಬೇಸಿಗೆ ಬಂದರೆ ಮಾತ್ರ ನಿಲ್ಲುತ್ತಿರಲಿಲ್ಲ. ಉಳಿಸುವವನು ಎರಡು ಮೂರು ದಿನ ಕಾಣುತ್ತಲೇ ಇರಲಿಲ್ಲ, ಆಮೇಲೆ ಒಮ್ಮೆ ಬಂದು ಉಳಿಸಿ ಹೋಗುತ್ತಿದ್ದ. ಏನೂ ಮಾಡದೆ ಕೂತು ಕಾಯುವುದೂ ಒಂದು ಕೆಲಸವೇ ಎಂದು ನಾನು ಅವನ ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದೆ. ವಾರಕ್ಕೆ ಐದು ಗೆದ್ದು ಐದು ಸೋಲುವ ಮಟ್ಟಿಗೆ ಬಂದೆವು. ಗೊತ್ತು ಮಾಡಿದ ದಿನ ಹತ್ತಿರ ಬರುವಷ್ಟರಲ್ಲಿ ನಾವೂ ಹಾಸ್ಟೆಲಿನ ಹುಡುಗಿಯೂ ಸರಿಸಮ.

ಆ ದಿನ ಒಂದು ಸೋಮವಾರ. ಅಮೆರಿಕದಲ್ಲಿ ಇನ್ನೂ ಭಾನುವಾರದ ರಾತ್ರಿ, ವಾರದ ಕೊನೆಯ ಆಟ ನಡೆದಿತ್ತು. ಹಾಸ್ಟೆಲಿನ ಹುಡುಗಿಯ ಲೆಕ್ಕ ಆಗಲೇ ಮುಗಿದಿತ್ತು, ಅವಳು ನಮಗಿಂತ ಒಂದು ಕೂದಲೆಳೆ ಮುಂದೆ. ನಮ್ಮದು ಆ ವಾರದ ಎದುರಾಳಿಯ ಜೊತೆ ಉಳಿಕೆಯ ಲೆಕ್ಕವೊಂದು ಸಮವಾಗಿ ನಿಂತಿತ್ತು. ನಮ್ಮವನು ಇನ್ನೊಂದು ಉಳಿಸಿದರೆ ಅದು ನಮ್ಮದು, ನಾವು ಏಳನೆಯವರು. ಇಲ್ಲವೆಂದರೆ ಎಂಟನೆಯವರು. ನಿಮ್ಮ ಅಕ್ಕನ ಕೊನೆಯ ಪೇಪರೂ ಅಂದೇ. ಅವಳು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು.

"ಗೆಲ್ಲು, ಸೋಲು, ಆಕಿಗೆ ಈಗ ಏನೂ ಹೇಳಬ್ಯಾಡ ಯವ್ವಾ," ಎಂದಿದ್ದಳು ಮಗಳು. "ಪೇಪರ್ ಬರದು ಬರ್ಲಿ."

ನಾನು ಒಲೆಯ ಪಕ್ಕ ಟ್ಯಾಬು ಒರಗಿಸಿ ಕೂತಿದ್ದೆ. ಕೊನೆಯ ಸುತ್ತಿಗೆ ನಮ್ಮವನು ಬಂದ. ಪರದೆಯ ಮೇಲೆ ಆಟವೇನೂ ಕಾಣುವುದಿಲ್ಲ. ಚೌಕದ ಮೂಲೆಗಳಲ್ಲಿ ಪುಟ್ಟ ದೀಪದಂಥ ಗುರುತು. ಎದುರಿನವರು ಯಾವ ಬೇಸಿನ ಮೇಲೆ ನಿಂತರೆ ಆ ದೀಪ ಹತ್ತುತ್ತದೆ. ಒಬ್ಬ ಔಟಾದ. ಆಮೇಲೆ ಒಂದು ದೀಪ ಹತ್ತಿತು. ಇನ್ನೊಬ್ಬ ಔಟಾದ. ಎರಡನೆಯ ದೀಪ ಹತ್ತಿತು, ಮೂರನೆಯದೂ.

ಹಿಂದೆ ಮಗಳು ಚಹಾದ ಲೋಟ ಹಿಡಿದು ಯಾವಾಗ ಬಂದು ನಿಂತಿದ್ದಳೋ.

"ಮೂರೂ ದೀಪ ಯಾಕ ಹತ್ಯಾವ? ಛಲೋನ, ಕೆಟ್ಟದ್ದ?"

"ಕೆಟ್ಟದ್ದು. ಇನ್ನೊಂದು ಹೊಡದ್ರಂದ್ರ ಎಲ್ಲಾ ಹೋತು."

"ಆಂ? ಮತ್ತ ಇಂವಾ ಏನ್ ಮಾಡಾಕತ್ತಾನ?"

"ಎಸಿಯಾಕತ್ತಾನ."

"ಲಗೂ ಎಸಿ ಅನ್ನು!"

"ಇಲ್ಲೆ ಕುಂತು ಹೆಂಗ ಅನ್ನಲೇ?"

ಪರದೆ ಅಲುಗಾಡದೆ ನಿಂತಿತು. ನೆಟ್ ಹೋಯಿತೇನೋ ಎಂದು ಮಗಳು ಟ್ಯಾಬಿನ ಬೆನ್ನಿಗೆ ತಟ್ಟಿದಳು. ಆಮೇಲೆ ಮೂರೂ ದೀಪ ಒಟ್ಟಿಗೆ ಆರಿದವು. ಓಡಿ ರನ್ನು ಗಳಿಸಿದರೋ, ಔಟಾದರೋ ತಿಳಿಯಲಿಲ್ಲ. ಪುಟ ಹೊರಳಿಸಿ ನೋಡಿದೆ. ಉಳಿಕೆಯ ಮನೆಯಲ್ಲಿ ಅಂಕಿ ಒಂದು ಏರಿತ್ತು.

"ಆತ?" ಎಂದಳು ಮಗಳು.

"ಆತು. ಏಳನೇದು."

ಅವಳು ಲೋಟವನ್ನು ಒಲೆಕಟ್ಟೆಯ ಮೇಲೆ ಕುಕ್ಕಿ ಒಳಗೆ ಓಡಿದಳು. ಹೇಳಬೇಡ ಎಂದವಳೇ ಪಡಸಾಲೆಯಿಂದ ಕೂಗಿದಳು: "ಏ, ಉಳೀತು! ನಿನ್ನ ಸೀಟ್ ಉಳೀತು! ಆ ಕಡೇಕ ಬರಾಂವ ಉಳಿಸಿದ. ಹೋಗು, ಈಗರೆ ಪೇಪರ್ ಛಲೋ ಬರಿ!"

ಹುಡುಗಿ ಅರ್ಧ ಹೆಣೆದ ಜಡೆಯಲ್ಲೇ ಅಡುಗೆಮನೆಗೆ ಬಂದು, ನನ್ನ ಕೈಯಿಂದ ಟ್ಯಾಬು ಕಸಿದು ನೋಡಿ, ಮತ್ತೆ ನನ್ನ ಕೈಗೇ ಕೊಟ್ಟಳು. ಆಮೇಲೆ ಕಾಲಿಗೆ ನಮಸ್ಕಾರ ಮಾಡಿ ಧಾರವಾಡದ ಬಸ್ಸಿಗೆ ಹೊರಟಳು.

ಸಂಜೆ ಬಂದವಳೇ ತಾಯಿಯಿಂದ ಫೋನ್ ಇಸಿದುಕೊಂಡು, ನನ್ನ ಪಕ್ಕ ಕೂತು, ಗ್ಯಾರೇಜಿನವರ ಮಗಳಿಗೆ ಒಂದು ಅದಲು ಬದಲು ಕಳಿಸಿದಳು. ಉಳಿಸುವವನನ್ನೂ ಓಟಗಾರನನ್ನೂ ಕೊಡುತ್ತೇನೆ, ದಾಡಿಯವನನ್ನು ತಿರುಗಿ ಕೊಡು ಎಂದು. ನನಗೆ ಒಳಗೊಳಗೇ ಕಸಿವಿಸಿ. ಆದರೆ ತಂಡ ಅವಳದು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು.

"ಏನಂತ?"

"ದಾದಿ ಬ್ಯಾಡ ಅಂದ್ರಂತ. ಕೈ ಹಿಡದಾಗೇತಿ ಅಂತ." ಫೋನು ಮಡಿಲಲ್ಲಿ ಇಟ್ಟಳು. "ಪುಣ್ಯಾ. ಹೂಂ ಅಂದಿದ್ರ ಮತ್ತ ಎಂಟನೇದಕ್ಕ ಹೋಗ್ತಿದ್ವಿ."

ಆಮೇಲೆ ನಮ್ಮ ತಂಡವನ್ನು ಮೇಲಿನಿಂದ ಕೆಳಗೆ ನೋಡುತ್ತ, "ಆಯಿ, ಬಡಿಯಾಂವನ ಹಿಂದ ಕುಂತು ಬಾಲ್ ಹಿಡಿಯೂ ಈ ಕ್ಯಾಚರ್ ಯಾಕ ಇಷ್ಟ ದಡ್ಡ ಅದಾನ? ಇವನ್ನ ಬದಲಾಯಿಸೋಣ," ಎಂದಳು.

"ಯಾರ ಕಡೆ ಅದಾನ ಛಲೋದಾಂವ?"

"ಹಾಸ್ಟೆಲ್‌ದಾಕಿ ಕಡೆ ಇದ್ದ. ಈಗ ಆಕಿ ಜಾಗಾಕ ಬಂದ ಹೊಸಾ ಹುಡುಗಿ ಕಡೆ."

ಆ ಹುಡುಗಿಯ ಮನೆ ಎಲ್ಲಿ ಎಂದು ಕೇಳಿದೆ. ಧಾರವಾಡದ ಹತ್ತಿರ ಸತ್ತೂರಿನಲ್ಲಂತೆ. ಹೋಳಿಗೆಗೆ ಶೇಂಗಾ ಹುರಿಯಲು ಎದ್ದೆ.